ದೊಡ್ಡ ಸಿಸ್ಟರ್ ಕೇಳಿದ ರಜೆ

ದೊಡ್ಡ ಸಿಸ್ಟರ್ ತೀರಿಕೊಂಡ ಸುದ್ದಿಯನ್ನು ನನಗೆ ಮುಟ್ಟಿಸಿದವಳು ಖಾಜಾಬಿ. ನಾವು ಮೂವರೂ ಬೈಲಹೊಂಗಲದ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯಲ್ಲಿ ಬಹಳ ವರ್ಷ ಜೊತೆಗೆ ದುಡಿದವರು. ಅವರು ಹಿರಿಯ ನರ್ಸ್, ಖಾಜಾಬಿ ಆಯಾ, ನಾನು ರಕ್ತ ತೆಗೆದು ಪರೀಕ್ಷೆ ಮಾಡುವ ಲ್ಯಾಬಿನವಳು.

"ಬಾಯಿ, ದೊಡ್ಡ ಸಿಸ್ಟರ್ ಹೋಗಿಬಿಟ್ರಂತ್ರಿ. ಮುರಗೋಡದಾಗ. ಮಧ್ಯಾಹ್ನ ಮಣ್ಣ ಮಾಡ್ತಾರಂತ," ಎಂದಳು ಫೋನಿನಲ್ಲಿ.

"ನೀ ಬರ್ತಿಯಿಲ್ಲ?"

"ಮಂಗಲ ಕಾರ್ಯಾಲಯದಾಗ ಲಗ್ನ ಐತ್ರಿ, ಭಾಂಡಿ ತಿಕ್ಕಾಕ ಹೋಗಬೇಕು. ಇವತ್ತ ಬಿಟ್ರ ನಾಳಿ ಕರಿಯೂದಿಲ್ಲ. ನನ್ನ ಹೆಸರಿನ್ಯಾಗ ಒಂದಿಷ್ಟ ಹೂವು ಹಾಕಿ ಬರ್ರಿ." ಅಷ್ಟು ಹೇಳಿ, ಅಳು ಬಂದಿತೋ ಏನೋ, ಫೋನ್ ಇಟ್ಟುಬಿಟ್ಟಳು.

ದೊಡ್ಡ ಸಿಸ್ಟರ್‌ಗೆ ಒಂದು ಹೆಸರಿತ್ತು. ಹಾಜರಿ ಪುಸ್ತಕ ಬಿಟ್ಟರೆ ಅದು ಯಾರ ಬಾಯಲ್ಲೂ ಬಂದದ್ದನ್ನು ನಾನು ಕೇಳಿಲ್ಲ. ಡಾಕ್ಟರಿಗೂ, ಬಾಣಂತಿಯರಿಗೂ, ಬಾಗಿಲಲ್ಲಿ ಚಹಾ ಮಾರುವವನಿಗೂ ಅವರು ದೊಡ್ಡ ಸಿಸ್ಟರ್. ಹೆಸರು ದೊಡ್ಡದೇ ಹೊರತು ಆಳು ಗಿಡ್ಡ. ಅಗಲವಾದ ಅಂಗೈ, ನಡೆದರೆ ನೆಲ ಒತ್ತಿದಂಥ ಹೆಜ್ಜೆ. ಸಿಟ್ಟು ಬಂದಾಗ ಮೊದಲು ಬಾಯಿ ಮುಚ್ಚುತ್ತಿತ್ತು, ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕುತ್ತಿತ್ತು. ಸೆರಗು ಸಿಕ್ಕಿದರೆಂದರೆ ಎದುರಿಗಿದ್ದವರು ಜಾಗ ಬಿಡುವುದು ಒಳ್ಳೆಯದು.

ಸಿಹಿ ಮಾತಿನ ಹೆಂಗಸಲ್ಲ ಅವರು. ಹೆರಿಗೆ ನೋವಿನಲ್ಲಿ ಹಲ್ಲು ಕಚ್ಚಿ ಬಿದ್ದುಕೊಂಡ ಹುಡುಗಿಯರಿಗೆ, "ಚೀರವ್ವ, ಚೀರ. ಅತ್ತಿ ಹೊರಗ ಅದಾಳ. ಚೀರಾಕೇನು ರೊಕ್ಕಾ ಕೊಡಬೇಕಿಲ್ಲ," ಎನ್ನುತ್ತಿದ್ದರು. ಹೆಣ್ಣು ಹುಟ್ಟಿ, ಹೊರಗೆ ನಿಂತ ಮನೆಯವರ ಮುಖ ಸಣ್ಣದಾದರೆ ಕೂಸನ್ನು ಅವರ ಕೈಗೇ ಕೊಡುತ್ತಿರಲಿಲ್ಲ. "ಮೊದಲ ಪೇಢೆ ತರಿಸ್ರಿ. ವಾರ್ಡಿಗೆಲ್ಲಾ ಹಂಚ್ರಿ. ಆಮ್ಯಾಲ ಕೂಸು," ಎಂದು ಟವೆಲ್ಲಿನಲ್ಲಿ ಸುತ್ತಿದ ಕೂಸನ್ನು ಎದೆಗವುಚಿಕೊಂಡು ಬಾಗಿಲಲ್ಲಿ ನಿಂತುಬಿಡುತ್ತಿದ್ದರು. ಗಂಡು ಹುಟ್ಟಿದಾಗ ಪೇಢೆಯ ಮಾತೇ ಇಲ್ಲ. "ಅದಕ್ಕ ಅವರ ತರ್ತಾರ ಬಿಡು," ಎನ್ನುತ್ತಿದ್ದರು ನನಗೆ.

ಒಮ್ಮೆ ಸಿಟ್ಟಾದರೆ ಆ ಸಿಟ್ಟು ಇಳಿಯುತ್ತಿರಲಿಲ್ಲ. ಆಂಬುಲೆನ್ಸ್ ಓಡಿಸುವ ಈರಣ್ಣ ಯಾವಾಗಲೋ ಒಂದು ಸಲ, ಅಡ್ಡ ನಿಂತಿದ್ದಾರೆಂದು ಅವರ ಬೆನ್ನ ಹಿಂದೆ ಜೋರಾಗಿ ಹಾರ್ನ್ ಹೊಡೆದಿದ್ದ. ಅಂದಿನಿಂದ ಅವನ ಜೊತೆ ಮಾತು ಬಿಟ್ಟವರು ವರ್ಷಗಟ್ಟಲೆ ಆಡಲಿಲ್ಲ. ಏನಾದರೂ ಹೇಳುವುದಿದ್ದರೆ ಅವನೆದುರೇ ನಿಂತು ಖಾಜಾಬಿಗೆ ಹೇಳುತ್ತಿದ್ದರು.

ಆಸ್ಪತ್ರೆಯ ಒಡತಿ ಸ್ತ್ರೀರೋಗದ ಡಾಕ್ಟರು. ನಾವೆಲ್ಲ ಮೇಡಮ್ಮರು ಎನ್ನುತ್ತಿದ್ದೆವು. ಕೈಗುಣ ಒಳ್ಳೆಯದು, ಸವದತ್ತಿ ರಾಮದುರ್ಗದ ಕಡೆಯಿಂದಲೂ ಬಸುರಿಯರು ಬರುತ್ತಿದ್ದರು. ಆಡಳಿತವೆಲ್ಲ ಅವರ ಮೈದುನನದು. ಅವನು ಮ್ಯಾನೇಜರ್. ಅವನು ಹೊಸದೊಂದು ನಿಯಮ ಹೇಳಿದಾಗಲೆಲ್ಲ ದೊಡ್ಡ ಸಿಸ್ಟರ್, "ಹಂಗಂತ ಎಲ್ಲಿ ಐತ್ರಿ?" ಎಂದು ಕೇಳುತ್ತಿದ್ದರು. ಕಾಯ್ದೆ ಗೊತ್ತಿದ್ದು ಕೇಳುತ್ತಿದ್ದರು ಅಂತಲ್ಲ. ಒಂದು ವರ್ಷ ಗೋಡೆಯ ಕ್ಯಾಲೆಂಡರ್ ಹಿಡಿದುಕೊಂಡು ಹೋಗಿ, ಕೆಂಪು ಅಕ್ಷರದಲ್ಲಿ ಇದ್ದ ಹಬ್ಬಗಳೆಲ್ಲ ನಮಗೂ ರಜೆ ಆಗಬೇಕು, ಸರಕಾರವೇ ಕೆಂಪು ಮಾಡಿದೆ ಎಂದು ವಾದಿಸಿ ಬಂದರು. ಮ್ಯಾನೇಜರ್ ನಕ್ಕ. ಮರುದಿನ ಯಾರಿಂದಲೋ ಸರಿಯಾದದ್ದನ್ನು ತಿಳಿದುಕೊಂಡು ಅವನ ಕೋಣೆಗೆ ಹೋಗಿ, "ನಿನ್ನಿ ನಾ ಹೇಳಿದ್ದು ತಪ್ಪ್ರಿ. ಎಲ್ಲಾ ಕೆಂಪು ನಮಗ ಬರೂದಿಲ್ಲ. ಆದ್ರ ಜನೆವರಿ ಇಪ್ಪತ್ತಾರು, ಆಗಸ್ಟ್ ಹದಿನೈದು, ಗಾಂಧಿ ಜಯಂತಿ ಬರ್ತಾವು. ಅವನ್ನೂ ನೀವ ಕೊಟ್ಟಿಲ್ಲ," ಎಂದರು. ಈ ಸಲ ಅವನು ನಗಲಿಲ್ಲ.

ಅವರ ಸ್ವಂತ ವಿಷಯ ನಾನು ಕೇಳಿದ್ದು ಒಂದೇ ಸಲ. ಹಿಂದಿನ ಕೋಣೆಯಲ್ಲಿ ರೊಟ್ಟಿ ತಿನ್ನುವಾಗ ಮಗಳ ಫೋನ್ ಬಂತು. ಎರಡು ಮಾತಾಡಿ ಇಟ್ಟರು. ಆ ಕಡೆಯಿಂದ ಮಗಳು "ಅಕ್ಕಾ" ಎಂದು ಕರೆದದ್ದು ನನಗೂ ಕೇಳಿಸಿತ್ತು. ನಾನು ಏನೂ ಕೇಳಲಿಲ್ಲ, ಅವರೇ ಹೇಳಿದರು.

"ಹಡದ ಹದಿನೈದ ದಿನಕ್ಕ ಡ್ಯೂಟಿಗೆ ಬಂದೆ. ಅವಾಗ ಬ್ಯಾರೆ ದವಾಖಾನಿ. ಬರಲಿಲ್ಲಂದ್ರ ಜಾಗಾ ಹೋಗತೈತಿ ಅಂದಿದ್ರು. ಮಂದಿ ಕೂಸು ಅತ್ರ ನನ್ನ ಎದಿ ಸೋರತಿತ್ತು. ಬಾತ್‌ರೂಮಿಗೆ ಹೋಗಿ ಹಿಂಡಿ ಚೆಲ್ಲಿ ಬರ್ತಿದ್ದೆ. ಮನ್ಯಾಗ ನನ್ನ ಕೂಸು ಆಕಳ ಹಾಲು ಕುಡೀತಿತ್ತು. ನಮ್ಮತ್ತಿ ಬೆಳಸಿದ್ಲು. ಅದಕ್ಕ ಅತ್ತಿ ಅವ್ವ ಆದ್ಲು, ನಾ ಅಕ್ಕ ಆದೆ." ರೊಟ್ಟಿಯ ಕೊನೆಯ ತುಂಡಿನಿಂದ ತಟ್ಟೆ ಒರೆಸಿ ಎದ್ದರು. "ತಪ್ಪ ಆಕಿದಲ್ಲ."

ಕಸ್ತೂರಿ ನಮ್ಮಲ್ಲಿಗೆ ಬಂದದ್ದು ಅದಾದ ಮೇಲೆ. ಸಿರಸಂಗಿ ಕಡೆಯ ಹುಡುಗಿ, ನರ್ಸಿಂಗ್ ಮುಗಿಸಿದವಳು, ಗಂಡ ಟಂಟಂ ಆಟೊ ಓಡಿಸುತ್ತಿದ್ದ. ಬೈಲಹೊಂಗಲದಲ್ಲೇ ಬಾಡಿಗೆ ಮನೆ, ಜೊತೆಗೆ ಅತ್ತೆ. ಎಲ್ಲರ ಹಾಗೆ ಅವಳ ಮೂಲ ಅಂಕಪಟ್ಟಿಗಳನ್ನೂ ಮ್ಯಾನೇಜರ್ ಕೆಲಸಕ್ಕೆ ಸೇರುವ ದಿನವೇ ಇಸಿದುಕೊಂಡು ಕಪಾಟಿನಲ್ಲಿಟ್ಟಿದ್ದ. ಬಸುರಾದಾಗ ಅವಳು ಯಾರಿಗೂ ಹೇಳಲಿಲ್ಲ. ದೊಡ್ಡ ಅಳತೆಯ ಏಪ್ರನ್ ಹಾಕಿಕೊಂಡು ಓಡಾಡುತ್ತಿದ್ದಳು. ದಿನವೂ ಹೆರಿಗೆ ಮಾಡಿಸುವ ಕಣ್ಣಿಗೆ ಅದೆಷ್ಟು ದಿನ ಮುಚ್ಚಿಟ್ಟೀತು?

"ಎಷ್ಟ ತಿಂಗಳ?" ದೊಡ್ಡ ಸಿಸ್ಟರ್ ನನ್ನ ಲ್ಯಾಬಿನಲ್ಲಿ ಅವಳನ್ನು ನಿಲ್ಲಿಸಿಕೊಂಡು ಕೇಳಿದರು.

ಕಸ್ತೂರಿ ಅಲ್ಲೇ ಅತ್ತಳು. "ಐದ ನಡದೈತ್ರಿ. ಹೇಳಬ್ಯಾಡ್ರಿ ಅಕ್ಕಾರ. ಹಿಂದಿನ ಸಲ ಬಸರಾದ ಆ ಇನ್ನೊಬ್ಬಾಕಿನ್ನ ಕೆಲಸಾ ಬಿಡಿಸಿದ್ರಂತಲ್ರಿ. ನನ್ನ ಮನ್ಯಾಗ ಇದ ಪಗಾರದ ಮ್ಯಾಲ ನಡೀತೈತಿ."

"ಹೊಟ್ಟಿ ತಾನ ಹೇಳತೈತಿ, ನಾ ಯಾಕ ಹೇಳ್ಲಿ? ರಜಾ ಕೇಳು. ಬಾಯಿಲೆ ಕೇಳಬ್ಯಾಡ, ಬರದ ಕೇಳು."

ಕೇಳಿದಳು. ಮ್ಯಾನೇಜರ್ ಅರ್ಜಿ ಓದಿ ಹಿಂದಕ್ಕೆ ಕೊಟ್ಟ. "ನಮ್ಮಲ್ಲಿ ಅಂಥಾ ಪದ್ಧತಿ ಇಲ್ಲ. ರಾಜೀನಾಮೆ ಬರದ ಕೊಡು. ಹಡದ ಮ್ಯಾಲ ಜಾಗಾ ಖಾಲಿ ಇದ್ರ ನೋಡೂಣು. ಮಾರ್ಕ್ಸ್‌ಕಾರ್ಡ್ ಆಮ್ಯಾಲ ತೊಗೊಂಡ ಹೋಗೀಯಂತ," ಎಂದ.

ದೊಡ್ಡ ಸಿಸ್ಟರ್ ನೇರ ಮೇಡಮ್ಮರ ಹತ್ತಿರ ಹೋದರು. ನಾನು ರಿಪೋರ್ಟಿಗೆ ಸಹಿ ಹಾಕಿಸಲು ಅಲ್ಲೇ ನಿಂತಿದ್ದೆ.

"ಮೇಡಮ್ಮರ, ಊರ ಹೆಣಮಕ್ಕಳ ಹೆರಿಗಿ ಇಲ್ಲಿ ಆಕ್ಕಾವು. ನಮ್ಮ ಹುಡಗಿ ಹೆರಿಗಿಗೆ ರಜಾ ಇಲ್ಲಂದ್ರ ಹೆಂಗ್ರಿ?"

ಮೇಡಮ್ಮರು ಪೆನ್ನು ಕೆಳಗಿಟ್ಟರು. ದನಿ ಏರಿಸುವವರಲ್ಲ ಅವರು. "ನಾನೂ ಹಡದೇನಿ ಸಿಸ್ಟರ್. ಸಿಸೇರಿಯನ್ ಆಗಿ ಇಪ್ಪತ್ತ ದಿನಕ್ಕ ಥೇಟರ್‌ದಾಗ ನಿಂತೇನಿ. ನನಗ ಯಾರ ರಜಾ ಕೊಟ್ರು?"

"ನೀವು ಮಾಲಕರು. ಬ್ಯಾಡಂದ್ರ ಬಿಡಬಹುದಿತ್ತು. ಆಕಿಗೆ ಬಿಡಾಕ ಬರೂದಿಲ್ಲ."

ಮೇಡಮ್ಮರು ಪೆನ್ನು ಮತ್ತೆ ಎತ್ತಿಕೊಂಡರು. "ಅದೆಲ್ಲಾ ನಮ್ಮ ಮೈದುನ ನೋಡ್ತಾನ," ಎಂದು ಮುಂದಿನ ಪೇಷಂಟನ್ನು ಕರೆದರು.

ಮರುವಾರದಿಂದ ಕಸ್ತೂರಿಗೆ ಮೇಲಿನ ಮಹಡಿಯ ವಾರ್ಡು ಬಂತು. ಲಿಫ್ಟು ಪೇಷಂಟ್‌ಗಳಿಗೆ ಮಾತ್ರ. ಸಲೈನ್ ಡಬ್ಬಿಗಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತುವ ಕೆಲಸ. ದೊಡ್ಡ ಸಿಸ್ಟರ್ ಯಾರನ್ನೂ ಕೇಳದೆ ಆ ಡಬ್ಬಿಗಳನ್ನು ತಾವೇ ಹೊತ್ತರು. ಮೇಲಿಂದ ಇಳಿಯುವಾಗ ಮೊಣಕಾಲು ಹಿಡಿದುಕೊಂಡು ನಿಲ್ಲುತ್ತಿದ್ದರು. ಯಾರಾದರೂ ನೋಡಿದರೆ ಮತ್ತೆ ನಡೆಯುತ್ತಿದ್ದರು.

ವಾರದ ರಜೆಯ ದಿನ ನನ್ನನ್ನು ಜೊತೆಗೆ ಕರೆದುಕೊಂಡು ಕಾರ್ಮಿಕ ಕಚೇರಿಗೆ ಹೋದರು. ಅಲ್ಲಿನ ಅಧಿಕಾರಿ ವಯಸ್ಸಿನಲ್ಲಿ ಚಿಕ್ಕವನು, ಕೂಡಲು ಹೇಳಿ ಕೇಳಿಸಿಕೊಂಡ. ದೊಡ್ಡ ಸಿಸ್ಟರ್ ಶಾಲೆಯ ಮಗುವಿನ ಹಾಗೆ ಒಂದೊಂದೇ ಪ್ರಶ್ನೆ ಕೇಳಿದರು.

"ಖಾಸಗಿ ದವಾಖಾನಿಗೂ ಈ ಕಾಯ್ದೆ ಹತ್ತತೈತೇನ್ರಿ?"

"ಹತ್ತ ಮಂದಿ ಅಥವಾ ಅದಕ್ಕಿಂತ ಹೆಚ್ಚು ಕೆಲಸ ಮಾಡ್ತಿದ್ರ ಹತ್ತತೈತ್ರಿ. ಹಿಂದಿನ ವರ್ಷದಾಗ ಎಂಬತ್ತ ದಿನ ದುಡದಿದ್ರ ಸಾಕು. ಇಪ್ಪತ್ತಾರ ವಾರ ಪಗಾರ ಸಮೇತ ರಜಾ."

"ಅಷ್ಟರಾಗ ಬಿಡಿಸಿದ್ರ?"

"ಬಸರಂತ ಬಿಡಸೂ ಹಂಗಿಲ್ಲ."

"ಟ್ರೇನಿ ಅಂತ ಬರಕೊಂಡಿರ್ತಾರ್ರಿ ಕೆಲವ್ರನ್ನ."

"ಏನರ ಬರಕೊಳ್ಳಿ. ಕೆಲಸ ಮಾಡಿಸಿಕೊಂಡ್ರ ಕೆಲಸಗಾರ್ರ."

"ಮಾರ್ಕ್ಸ್‌ಕಾರ್ಡ್ ಇಟ್ಕೊಂಡಾರ."

"ಇಟ್ಕೊಳ್ಳಾಕ ಹಕ್ಕಿಲ್ಲ. ಆದ್ರ ಅದಕ್ಕ ಪೊಲೀಸ್ ಠಾಣೆಕ ಹೋಗಬೇಕಾಕ್ಕೈತಿ, ನನ್ನ ಕಡೆ ಅಲ್ಲ." ಆಮೇಲೆ ಅವನು ಕೇಳಿದ: "ಬಸರಿ ಯಾರು? ನೀವಂತೂ ಅಲ್ಲ. ಆಕಿ ಸಹಿ ಇಲ್ಲದ ನಾ ಏನೂ ಮಾಡಾಕ ಬರೂದಿಲ್ಲ."

ಆ ಸಹಿಗಾಗಿ ನಾವು ಕಸ್ತೂರಿಯ ಮನೆಗೆ ಹೋದೆವು. ಗಂಡ ಹೊಸ್ತಿಲ ಮೇಲೆ ಕೂತು ಮಾತೇ ಆಡಲಿಲ್ಲ. ಅತ್ತೆ ಆಡಿದಳು.

"ಅಲ್ರೀ ಬಾಯಾರ, ಇಲ್ಲಿತನಾ ಮೇಡಮ್ಮರ ಇಕೀನ್ನ ನೋಡ್ಯಾರ. ಅವರ ಕಡೇನ ಹೆರಿಗಿ ಆಗಬೇಕು. ಅವರ ಮ್ಯಾಲನ ಅರ್ಜಿ ಕೊಟ್ರ ನಾಳಿ ಇಕೀನ್ನ ಯಾರ ಮುಟ್ಟತಾರ? ಹೆಚ್ಚುಕಮ್ಮಿ ಆದ್ರ ನೀವ ಬರ್ತೀರೇನು?"

"ಬರ್ತೇನಿ," ಎಂದರು ದೊಡ್ಡ ಸಿಸ್ಟರ್. "ಸವದತ್ತಿ ಸರಕಾರಿ ದವಾಖಾನಿಗೆ ನಾ ಕರ್ಕೊಂಡ ಹೋಗ್ತೇನಿ. ಕೂಸು ಕೈಗೆ ಬರೂತನಾ ಅಲ್ಲೇ ಇರ್ತೇನಿ."

ಕಸ್ತೂರಿ ಅತ್ತೆಯ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಯಾರೂ ಹೂಂ ಅನ್ನಲಿಲ್ಲ. ಸಹಿ ಹಾಕಿದಳು.

ಅಧಿಕಾರಿ ತಪಾಸಣೆಗೆ ಬಂದ ದಿನ ಮ್ಯಾನೇಜರ್ ತೋರಿಸಿದ ಹಾಜರಿಯಲ್ಲಿ ಎಂಟೇ ಹೆಸರು. ಅದರಲ್ಲಿ ದೊಡ್ಡ ಸಿಸ್ಟರದಿತ್ತು, ನನ್ನದಿತ್ತು, ಕಸ್ತೂರಿಯದಿತ್ತು.

"ಇಷ್ಟ ದೊಡ್ಡ ಆಸ್ಪತ್ರಿ, ಎಂಟ ಮಂದಿ?"

"ಬಾಕಿದವ್ರು ಕಲ್ಯಾಕ ಬರ್ತಾರ್ರಿ ಸಾಹೇಬ್ರ. ಬರ್ತಾರ, ಹೋಗ್ತಾರ. ನಮ್ಮವ್ರಲ್ಲ ಅವರು."

ದೊಡ್ಡ ಸಿಸ್ಟರ್ ಮಾತಾಡಲಿಲ್ಲ. ಸೆರಗು ಸಿಕ್ಕಿದರು. ಕಾರಿಡಾರಿನ ನಡುವೆ ನಿಂತು, ಹಾಜರಿಯಲ್ಲಿ ಇಲ್ಲದ ಒಬ್ಬೊಬ್ಬರದೇ ಹೆಸರು ಹಿಡಿದು ಗಟ್ಟಿಯಾಗಿ ಕರೆಯತೊಡಗಿದರು. ಔಷಧಿ ಅಂಗಡಿಯವನನ್ನು ಕರೆದರು. ಅವನು ತಲೆ ತಗ್ಗಿಸಿ ಗುಳಿಗೆ ಹಾಳೆ ಎಣಿಸುತ್ತ ನಿಂತ. ಇಬ್ಬರು ಎಳೆಯ ನರ್ಸ್‌ಗಳನ್ನು ಕರೆದರು. ಡ್ರೆಸ್ಸಿಂಗ್ ಕೋಣೆಯ ಬಾಗಿಲು ಒಳಗಿನಿಂದ ಮುಚ್ಚಿಕೊಂಡಿತು. ಅಡುಗೆಯವಳು ಪರದೆಯ ಸಂದಿಯಿಂದ ನೋಡಿ ಹಿಂದೆ ಸರಿದಳು. ಬಾಣಂತಿಯರ ಜೊತೆಗೆ ಬಂದ ಹೆಂಗಸರೆಲ್ಲ ಎದ್ದು ನಿಂತು ನೋಡುತ್ತಿದ್ದರು. ಕರೆದ ಪ್ರತಿ ಹೆಸರಿನ ನಂತರ ದೊಡ್ಡ ಸಿಸ್ಟರ್ ತುಸು ಕಾಯುತ್ತಿದ್ದರು. ಹಾಗೆ ಕಾಯುವಾಗ ಅವರ ಮುಖ ನನಗೆ ನೋಡಲಾಗಲಿಲ್ಲ.

"ಖಾಜಾಬೀ! ಹೊರಗ ಬಾ."

ಖಾಜಾಬಿ ಫಿನಾಯಿಲ್ ಬಕೆಟ್ ಹಿಡಿದೇ ಬಂದಳು. ಅದನ್ನು ಎಲ್ಲಿಡಬೇಕು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ನಮ್ಮ ಪಕ್ಕ ಬಂದು ನಿಂತಳು. ದೊಡ್ಡ ಸಿಸ್ಟರ್ ಮುಂದೆ ಯಾರನ್ನೂ ಕರೆಯಲಿಲ್ಲ. ಉಳಿದದ್ದು ಈರಣ್ಣನೊಬ್ಬ, ಅವನನ್ನು ಕರೆಯಲು ಅವರಿಗೆ ಬಾಯಿ ಬರಲಿಲ್ಲ. ಬಾಗಿಲ ಹೊರಗೆ ನಿಂತು ನೋಡುತ್ತಿದ್ದ ಅವನೇ ಚಪ್ಪಲಿ ಬಿಟ್ಟು ಒಳಗೆ ಬಂದ.

"ನಾನೂ ಇಲ್ಲೇ ದುಡೀತೇನ್ರಿ ಸಾಹೇಬ್ರ," ಎಂದ.

ಹತ್ತಾಯಿತು. ಅಧಿಕಾರಿ ಬರೆದುಕೊಂಡ.

ಕಸ್ತೂರಿಗೆ ರಜೆ ಸಿಕ್ಕಿತು, ಪಗಾರ ಸಮೇತ. ನಮ್ಮ ಆಸ್ಪತ್ರೆಯಲ್ಲಿ ಅಂಥ ರಜೆ ಪಡೆದವಳು ಅವಳೊಬ್ಬಳೇ. ಮುಂದೆ ಆಸ್ಪತ್ರೆಯವರು ನರ್ಸ್‌ಗಳನ್ನು ಯಾವುದೋ ಏಜೆನ್ಸಿಯ ಮೂಲಕ ತರಿಸಿಕೊಳ್ಳತೊಡಗಿದರು. ಬರುವವರೆಲ್ಲ ಲಗ್ನವಾಗದ ಹುಡುಗಿಯರು, ಲಗ್ನ ಗೊತ್ತಾದ ಕೂಡಲೇ ಬೇರೆಯವರು ಬರುತ್ತಿದ್ದರು.

ಆದರೆ ಆ ರಜೆಯ ಬೆಲೆ ತೆರಲು ಅಷ್ಟು ದಿನ ಕಾಯಬೇಕಾಗಲೂ ಇಲ್ಲ. ತಪಾಸಣೆಯ ಮುಂದಿನ ವಾರವೇ ಖಾಜಾಬಿಗೆ "ನಾಳಿಂದ ಬರಬ್ಯಾಡ" ಎಂದರು. ಕೆಲಸಕ್ಕೆ ತೆಗೆದುಕೊಂಡಾಗ ಕಾಗದ ಕೊಟ್ಟಿರಲಿಲ್ಲ, ತೆಗೆದು ಹಾಕುವಾಗಲೂ ಕೊಡಲಿಲ್ಲ. ಈರಣ್ಣ ತಾನೇ ಬಿಟ್ಟು ಬೇರೆ ಗಾಡಿ ಹಿಡಿದ. ಡ್ರೈವರ್‌ಗೆ ಎಲ್ಲಾದರೂ ಸ್ಟಿಯರಿಂಗ್ ಸಿಗುತ್ತದೆ. ಖಾಜಾಬಿಗೆ ಬೇರೇನೂ ಸಿಗಲಿಲ್ಲ. ಮತ್ತೆ ಕಚೇರಿಗೆ ಹೋಗೋಣ ಎಂದು ದೊಡ್ಡ ಸಿಸ್ಟರ್ ಅವಳ ಮನೆಗೆ ಹೋದರೆ, "ಸಾಕ್ರಿ ಬಾಯಿ, ಇನ್ನ ಮ್ಯಾಲ ನನ್ನ ಕರೀಬ್ಯಾಡ್ರಿ," ಎಂದಳಂತೆ. ಅವತ್ತು ಅವರು ಲ್ಯಾಬಿಗೆ ಬಂದು ಸ್ಟೂಲಿನ ಮೇಲೆ ಬಹಳ ಹೊತ್ತು ಕೂತರು. "ನಾ ಕರದೆ, ಆಕಿ ಬಂದ್ಲು. ಆಕಿಗೆ ಏನರ ಇತ್ತೇನು ಇದರಾಗ?" ಎಂದರು.

ಕಸ್ತೂರಿಗೆ ನೋವು ಶುರುವಾದಾಗ ಅವರು ರಜೆ ಬರೆದಿಟ್ಟು ಸವದತ್ತಿಗೆ ಹೋದರು. ಹೆರಿಗೆ ಕಷ್ಟದ್ದಾಯಿತು. ಕೂಸು ತಡವಾಗಿ ಅತ್ತಿತು. ಹೇಳಿದ ಮಾತಿನಂತೆ, ಅದರ ಮೈ ಕೆಂಪಾಗಿ ತಾಯಿಯ ಎದೆಗೆ ಹತ್ತುವವರೆಗೆ ಅಲ್ಲೇ ಇದ್ದರು. ತಿರುಗಿ ಬಂದಾಗ ಅವರ ಕೆಲಸ ಹೋಗಿತ್ತು. ಬರೆದಿಟ್ಟ ರಜೆ ಮಂಜೂರಾಗಿಲ್ಲ, ಹೇಳದೆ ಗೈರುಹಾಜರಾಗಿದ್ದಾರೆ, ಸಿಬ್ಬಂದಿಯನ್ನು ಎತ್ತಿಕಟ್ಟಿದ್ದಾರೆ ಎಂದು ಪತ್ರದಲ್ಲಿತ್ತು.

ದೊಡ್ಡ ಸಿಸ್ಟರ್ ತಮಗಾಗಿ ಅರ್ಜಿ ಹಾಕಿದ್ದು ಆಗ. ಅದು ಮೊದಲನೆಯ ಸಲ. ಅದೇ ಅಧಿಕಾರಿ ಎರಡೂ ಕಡೆಯವರನ್ನು ಕೂಡಿಸಿದ. ನಾನು ಹೊರಗಿನ ಬೆಂಚಿನ ಮೇಲಿದ್ದೆ, ಬಾಗಿಲು ತೆರೆದೇ ಇತ್ತು. ಮ್ಯಾನೇಜರ್ ಒಂದು ಹೇಳಿಕೆ ತೆಗೆದು ಮೇಜಿನ ಮೇಲಿಟ್ಟ. ಕಸ್ತೂರಿಯದು. ಅರ್ಜಿ ಕೊಡುವ ಮನಸ್ಸು ತನಗಿರಲಿಲ್ಲ, ದೊಡ್ಡ ಸಿಸ್ಟರ್ ಒತ್ತಾಯದಿಂದ ಸಹಿ ಮಾಡಿಸಿಕೊಂಡರು, ಒತ್ತಾಯದಿಂದಲೇ ಹೆರಿಗೆಗೆ ಬೇರೆ ಕಡೆ ಕರೆದೊಯ್ದರು ಎಂದು ಅದರಲ್ಲಿತ್ತು. ರಜೆ ಮುಗಿಯುತ್ತ ಬಂದಿತ್ತು, ಅವಳು ಕೆಲಸಕ್ಕೆ ಮರಳಬೇಕಿತ್ತು, ಅಂಕಪಟ್ಟಿ ಇನ್ನೂ ಕಪಾಟಿನಲ್ಲಿತ್ತು.

ದೊಡ್ಡ ಸಿಸ್ಟರ್ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಸಹಿ ಆಕಿದ ಐತಿ," ಎಂದರು.

"ಇದಕ್ಕ ನೀವು ತಕರಾರು ಮಾಡಬಹುದ್ರಿ," ಎಂದ ಅಧಿಕಾರಿ. "ಆಕಿನ್ನ ಕರಸೂಣು, ಕೇಳೂಣು. ಯಾಕ ಕೊಟ್ಟಾಳ ಗೊತ್ತಾಕ್ಕೈತಿ."

"ಎಲ್ಲಾರ ಮುಂದ ನಿಲ್ಲಿಸಿ ಕೇಳ್ತೀರಿ?"

"ಹೌದ್ರಿ. ಕೇಳಬೇಕಾಕ್ಕೈತಿ."

"ಎಳಿ ಕೂಸಿನ ತಾಯಿ ಆಕಿ." ಕನ್ನಡಕ ತೆಗೆದು ಮಡಚಿದರು. "ಬ್ಯಾಡ್ರಿ. ನನ್ನ ಅರ್ಜಿ ತಿರಗಿ ಕೊಡ್ರಿ."

ನನ್ನ ಜೊತೆ ಬಸ್ ಸ್ಟ್ಯಾಂಡಿನವರೆಗೆ ನಡೆದು ಬಂದರು. ದಾರಿಯಲ್ಲಿ ಕಾಯಿಪಲ್ಲೆ ಕೊಂಡರು, ಮೆಂತ್ಯದ ಸಿವುಡು ಬಾಡಿದೆ ಎಂದು ಮಾರುವವಳ ಜೊತೆ ಜಗಳ ಮಾಡಿದರು. ಕಸ್ತೂರಿಯ ಹೆಸರು ಎತ್ತಲಿಲ್ಲ.

ಊರಿನ ಬೇರೆ ಯಾವ ಆಸ್ಪತ್ರೆಯೂ ಅವರನ್ನು ತೆಗೆದುಕೊಳ್ಳಲಿಲ್ಲ. ಬರ್ರಿ ಎಂದವರು ಮರುದಿನ ಜಾಗ ಇಲ್ಲ ಎನ್ನುತ್ತಿದ್ದರು. ಅವರು ಮುರಗೋಡಕ್ಕೆ ಹೋಗಿ ತವರಿನವರ ಮನೆಯ ಮುಂಗೋಣೆಯಲ್ಲಿ ಉಳಿದರು. ಓಣಿಯ ಮುದುಕರಿಗೆ ರಕ್ತದೊತ್ತಡ ನೋಡುತ್ತಿದ್ದರು, ಡಾಕ್ಟರ್ ಬರೆದ ಇಂಜೆಕ್ಷನ್ ಕೊಡುತ್ತಿದ್ದರು. ನಾನೂ ಆ ಆಸ್ಪತ್ರೆ ಬಿಟ್ಟು ಪೇಟೆಯ ಲ್ಯಾಬೊಂದಕ್ಕೆ ಸೇರಿದೆ. ಸಕ್ಕರೆ ಕಾಯಿಲೆ ಅವರಿಗೆ ಮೊದಲಿಂದಲೂ ಇತ್ತು. ಕಾಲಿಗೆ ಗಾಯವಾಯಿತು. ಮಂದಿಯ ಗಾಯ ತೊಳೆದ ಕೈ ತಮ್ಮದನ್ನು ಬಟ್ಟೆ ಸುತ್ತಿ ಬಿಟ್ಟಿತ್ತು.

ಕೊನೆಗೆ ಅವರ ರಕ್ತ ತೆಗೆದವಳು ನಾನೇ. ಫಲಿತಾಂಶ ನೋಡಿದಾಗ ಮೂತ್ರಪಿಂಡ ಕೈಬಿಟ್ಟದ್ದು ಗೊತ್ತಾಯಿತು. ಮತ್ತೊಮ್ಮೆ ಪರೀಕ್ಷೆ ಮಾಡಿದೆ, ಅದೇ ಬಂತು. ಹೊರಗೆ ಬಂದು, ಸ್ವಲ್ಪ ಹೆಚ್ಚದಾವು ಅಷ್ಟ ಅಕ್ಕಾರ, ಎಂದೆ.

"ಆ ಸುಳ್ಳು ನಾ ಮಂದಿಗೆ ಹೇಳಿ ಹೇಳಿ ಸವಿಸೇನಿ. ನನಗ ಹೇಳಬ್ಯಾಡ," ಎಂದರು. "ಖರೇ ಎಷ್ಟ ಐತಿ?"

ಹೇಳಿದೆ. ತಲೆ ಅಲ್ಲಾಡಿಸಿದರು. ಸೂಜಿ ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿ ಹಿಡಿದುಕೊಂಡೇ ಬಸ್ ಹತ್ತಿ ಹೋದರು.

ಮಣ್ಣಿಗೆ ಬಹಳ ಮಂದಿ ಬಂದಿರಲಿಲ್ಲ. ದೊಡ್ಡ ಸಿಸ್ಟರನ್ನು ಹಣೆಗೆ ವಿಭೂತಿ ಹಚ್ಚಿ ಕೂಡಿಸಿದ್ದರು. ಅವರು ಅಷ್ಟು ಹೊತ್ತು ಕೂತದ್ದನ್ನು ನಾನು ನೋಡಿದ್ದೇ ಕಡಿಮೆ. ಮಗಳು ಒಂದು ಕಂಬಕ್ಕೆ ಒರಗಿ ನಿಂತಿದ್ದಳು, ಅಳಲು ಬಾರದವರ ಹಾಗೆ. ಆಸ್ಪತ್ರೆಯಿಂದ ಯಾರೂ ಬರಲಿಲ್ಲ. ಖಾಜಾಬಿಯ ಹೆಸರಿನಲ್ಲಿ ಸೇವಂತಿಗೆ ಹಾಕಿದೆ.

ಎಲ್ಲ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿ ಬಂದು ನಿಂತವಳು ಕಸ್ತೂರಿ. ಮೊದಲು ಗುರುತೇ ಸಿಗಲಿಲ್ಲ. ಬಗಲಲ್ಲಿ ಎಳೆಗೂಸು, ಕೈ ಹಿಡಿದು ನಿಂತ ಇನ್ನೊಂದು ಹುಡುಗಿ. ಸವದತ್ತಿಯಲ್ಲಿ ಹುಟ್ಟಿ ತಡವಾಗಿ ಅತ್ತದ್ದು ಈ ಹುಡುಗಿಯೇ.

"ದೂರದಿಂದ ನೋಡಿದೆ. ಹತ್ತರ ಬರಾಕ ಆಗಲಿಲ್ಲ," ಎಂದಳು. ಹುಡುಗಿಯನ್ನು ಮುಂದೆ ತಂದು, "ಒಂದ ಸಲಾ ಇಕೀನ್ನ ಕರ್ಕೊಂಡ ಅವರ ಮನಿಗೆ ಹೋಗಿದ್ದೆ. ಕೂಸಿನ್ನ ಎತ್ಕೊಂಡ್ರು. ನೆತ್ತಿ ಮುಟ್ಟಿ ನೋಡಿದ್ರು, ಕಣ್ಣಾಗ ನೋಡಿದ್ರು, ಕಾಲ ಎಳದ ನೋಡಿದ್ರು. ಚಂದ ಅದಾಳಂತ ಕೂಸಿಗೇ ಹೇಳಿದ್ರು. ನನಗ ಕೂಡು ಅನಲಿಲ್ಲ."

ನಾನು ಹುಡುಗಿಯ ತಲೆ ಸವರಿದೆ.

"ನನ್ನ ಬಗ್ಗೆ ಏನರ ಅಂದಿದ್ರೇನ್ರಿ ನಿಮ್ಮ ಮುಂದ?"

ಬೈದಿದ್ದರು ಎಂದಿದ್ದರೂ ಅವಳಿಗೆ ಹಗುರವಾಗುತ್ತಿತ್ತೇನೋ. "ಇಲ್ಲ ಕಸ್ತೂರಿ," ಎಂದೆ. "ಏನೂ ಅಂದಿಲ್ಲ."

ಅವಳು ತಲೆ ಅಲ್ಲಾಡಿಸಿ ಬಗಲಿನ ಕೂಸನ್ನು ಸರಿಮಾಡಿಕೊಂಡಳು. ಮಾತು ಬೇರೆ ಕಡೆ ಹೊರಳಲಿ ಎಂದು ನಾನೇ ಕೇಳಿದೆ: "ಇದರ ಹೆರಿಗಿಗೆ ರಜಾ ಕೊಟ್ರೇನು?"

"ಇಲ್ರಿ. ರಾಜೀನಾಮೆ ಬರದ ಕೊಡು ಅಂದ್ರು. ಕೊಟ್ಟ ಬಂದೆ."

"ಕೇಳಬೇಕಿಲ್ಲೇನು?"

ಸವದತ್ತಿಯ ಬಸ್ ಬಂತು. ದೊಡ್ಡ ಹುಡುಗಿಯನ್ನು ಮೊದಲು ಹತ್ತಿಸಿದಳು. ತಾನೂ ಹತ್ತಿ, ಬಾಗಿಲ ಕಂಬಿ ಹಿಡಿದು ನನ್ನ ಕಡೆ ತಿರುಗಿದಳು.

"ಕೇಳಾಕ ಅಲ್ಲಿ ಯಾರ ಉಳದಿದ್ರು, ಅಕ್ಕಾರ?"